ನೀರು ಕುಡಿಯದ ಹುಡುಗಿಯರು

ಸಿಂದಗಿಯಿಂದ ಮುದ್ದೇಬಿಹಾಳಕ್ಕೆ ಹೊರಟು, ನಡುವಿನ ಒಂದು ಊರ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತ ಕೂತಿದ್ದೆ. ಎದುರಿಗೆ ಹೆಂಗಸರ ಸಂಡಾಸು, ಬಾಗಿಲಿಗೆ ಕೀಲಿ. ಕೀಲಿಯ ಮೇಲ್ಗಡೆಯೇ ಹೊಸ ಪೋಸ್ಟರು: ಪ್ರಯಾಣಿಕರೇ, ಬಿಸಿಲು ಹೆಚ್ಚಾಗಿದೆ, ಮೇಲಿಂದ ಮೇಲೆ ನೀರು ಕುಡಿಯಿರಿ. ಅಂಟಿಸಿದ ಪುಣ್ಯಾತ್ಮನಿಗೆ ಕೀಲಿ ಕಾಣಲಿಲ್ಲವೇ? ಗಂಡಸೇ ಇರಬೇಕು ಬಿಡಿ, ಅವನಿಗೆ ಊರ ಗೋಡೆಗಳೆಲ್ಲ ಇವೆ.

ನನ್ನ ಪಾಡು ಕೇಳಿ. ಈ ವಯಸ್ಸಿನಲ್ಲೂ ಪ್ರಯಾಣದ ದಿನ ನಾನು ಗುಟುಕು ನೀರು ಮುಟ್ಟುವವಳಲ್ಲ, ಚಹಾ ಕಂಡರೂ ಮುಖ ತಿರುಗಿಸುತ್ತೇನೆ. ಮಗ ಒಂಟೆ ಎಂದು ಕರೆದು ನಗುತ್ತಾನೆ. ನಗಲಿ. ಈ ವಿದ್ಯೆ ನಾನು ಕಲಿತದ್ದು ಸಾಲಿಯಲ್ಲಿ.

ನಮ್ಮೂರ ಹೈಸ್ಕೂಲಿನಲ್ಲಿ ಹುಡುಗಿಯರಿಗೆಂದೇ ಕಟ್ಟಿಸಿದ ಸಂಡಾಸು ಇತ್ತು. ಗೋಡೆಗೆ ಬಿಳಿ ಟೈಲ್ಸು, ಒಳಗೆ ನಳ. ಕೀಲಿಕೈ ಮಾತ್ರ ಹೆಡ್ ಮಾಸ್ತರರ ಕಿಸೆಯಲ್ಲಿ. ನನ್ನ ಬೆಂಚಿನ ಗೆಳತಿ ಕಸ್ತೂರಿ, ಲೆಕ್ಕದಲ್ಲಿ ಭಾರಿ ಚುರುಕು, ಒಂದು ದಿನ ಎದ್ದು ನಿಂತು ಕೇಳಿಯೇ ಬಿಟ್ಟಳು: "ಸರ್, ಸಂಡಾಸದ ಕೀಲಿ ತಗಸ್ರಿ."

"ನೀವು ಹೊಲಸು ಮಾಡಿದ್ರ ಸಾಹೇಬ್ರು ಬಂದಾಗ ಏನ್ ತೋರಸ್ಲಿ?" ಅಂದರು ಮಾಸ್ತರರು.

ಸಾಹೇಬರು ಬಂದರು, ನೋಡಿದರು, ಮೆಚ್ಚಿ ಹೋದರು. ನಾವು ಒಣ ಗಂಟಲಲ್ಲಿ ಆರೋಗ್ಯದ ಪಾಠ ಬಾಯಿಪಾಠ ಮಾಡಿದೆವು. ಕಸ್ತೂರಿಗೆ ಉರಿಮೂತ್ರ ಶುರುವಾಯಿತು, ಜ್ವರ ಬಂತು, ಬೇಸಿಗೆಯಲ್ಲಿ ಕ್ಲಾಸಿನಲ್ಲೇ ಬಿದ್ದಳು. ಅವರವ್ವ ಬಂದು, "ಜೀವ ಇದ್ರ ಸಾಕು, ಸಾಲಿ ಬ್ಯಾಡ ನಡಿ" ಎಂದು ಕೈಹಿಡಿದು ಕರೆದೊಯ್ದಳು. ಕಸ್ತೂರಿ ತಿರುಗಿ ಬರಲಿಲ್ಲ. ಆಕೆಗೆ ಸಾಲಿ ಬಿಡಿಸಿದ್ದು ಬಡತನ ಎಂದು ಊರವರು ಇಂದಿಗೂ ಹೇಳುತ್ತಾರೆ. ಸುಳ್ಳು. ಬಿಡಿಸಿದ್ದು ಆ ಕೀಲಿ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಅಷ್ಟರಲ್ಲಿ ಅಂದಿನ ಸಾಲಿ ಮುಗಿಸಿಕೊಂಡು ಬಂದ ಹುಡುಗಿಯೊಬ್ಬಳು ಪಕ್ಕದಲ್ಲಿ ಕೂತಳು. ಸಂಜೆಯಾಗಿದ್ದರೂ ಅವಳ ಬಾಟಲಿಯಲ್ಲಿ ನೀರು ತುಂಬಿದ್ದು ತುಂಬಿದಂತೆಯೇ ಇತ್ತು.

"ಯಾಕವ್ವಾ, ನೀರು ಕುಡದೇ ಇಲ್ಲಲ್ಲ?"

"ಸಾಲ್ಯಾಗ ಕುಡ್ಯಂಗಿಲ್ರಿ. ಸಂಡಾಸಕ್ಕ ಕೀಲಿ ಹಾಕಿರ್ತಾರ್ರಿ."

ನನ್ನ ಬಸ್ಸು ಬಂತು. ಹತ್ತಲಿಲ್ಲ. ನೆಟ್ಟಗೆ ಕಂಟ್ರೋಲರನ ಕಿಟಕಿಗೆ ಹೋಗಿ ಕೀಲಿಕೈ ಕೇಳಿದೆ.

"ಮಂದಿ ಹೊಲಸು ಮಾಡ್ತಾರ್ರಿ. ನಾಳಿ ಸಾಹೇಬ್ರು ನೋಡಾಕ ಬರೋರದಾರ."

"ಇವತ್ತ ನಾವು ಬಂದೇವ್ರಿ. ತಗೀರಿ."

ಕಿಟಕಿ ಬಿಟ್ಟು ಕದಲಲಿಲ್ಲ. ಕೂತಿದ್ದ ಹೆಂಗಸರು ಒಬ್ಬೊಬ್ಬರೇ ಎದ್ದು ಬಂದು ನನ್ನ ಹಿಂದೆ ನಿಂತರು. ಕಡೆಗೆ ಆತ ಗೊಣಗುತ್ತ ಬಂದು ಕೀಲಿ ತೆಗೆದ.

ಹುಡುಗಿ ತೆರೆದ ಬಾಗಿಲನ್ನೇ ನೋಡುತ್ತ ಬಾಟಲಿ ಎತ್ತಿ ಗಟಗಟ ಕುಡಿದಳು. ಉಳಿದ ನೀರನ್ನು ನನ್ನ ಕಡೆ ಚಾಚಿದಳು. ಪ್ರಯಾಣದ ದಿನ ಮೊದಲ ಸಲ ಕುಡಿದೆ. ಬಾಯಿ ಒರೆಸಿಕೊಂಡು, "ನಾಳಿ ನಿಮ್ಮ ಸಾಲಿಗೆ ಹೋಗೂಣು" ಅಂದೆ.