ಹುಳುಮನೆ ರೇಡಿಯೋ ಎಲ್ಲಿದೆ?

ಕೆಂಚಾರ್ಲಹಳ್ಳಿಯ ಸೌಜನ್ಯಳಿಗೆ ರೇಡಿಯೋ ಶುರು ಮಾಡಬೇಕೆಂಬ ಆಸೆ ಹುಟ್ಟಿದ್ದು ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕುತ್ತಿದ್ದಾಗ. ಹುಳು ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಎದ್ದ ಮೇಲೆ ಅದರ ಹಸಿವಿಗೆ ಕೊನೆಯೇ ಇರುವುದಿಲ್ಲ. ಹಾಕಿದ ಸೊಪ್ಪು ಕಣ್ಣೆದುರೇ ಬರೀ ಕಡ್ಡಿಯಾಗುತ್ತದೆ. ಆ ವಾರವೆಲ್ಲ ಮನೆಯ ಹೆಂಗಸರ ಕೈಗೆ ಪುರಸೊತ್ತಿಲ್ಲ, ಕಿವಿ ಮಾತ್ರ ಖಾಲಿ. ಸೌಜನ್ಯಳ ಮೊಬೈಲು ಸೊಪ್ಪಿನ ಬುಟ್ಟಿಯ ಮೇಲೆ ಕೂತು ಬೆಂಗಳೂರಿನವರ ಮಾತನ್ನು ಒದರುತ್ತಿತ್ತು. ಅವರ ಟ್ರಾಫಿಕ್ಕು, ಅವರ ಜೋಕು, ಯಾವುದೂ ಇವಳದ್ದಲ್ಲ.

"ಇವರಿಗಿಂತ ನಾನೇ ಚೆನ್ನಾಗಿ ಮಾತಾಡ್ತೀನಿ," ಎಂದಳು ಒಂದು ದಿನ.

ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆ ಜೋಡಿಸುತ್ತಿದ್ದ ಗಂಡ ನರೇಂದ್ರ, "ಅದೇನೋ ನಿಜ. ಆದ್ರೆ ಇಲ್ಲಿ ಕೇಳೋಕೆ ನಾನೊಬ್ನೇ ಇದೀನಲ್ಲಾ," ಎಂದು ನಕ್ಕ.

ಅದು ಬರೀ ಜಂಬದ ಮಾತಾಗಿರಲಿಲ್ಲ. ಮದುವೆಗೆ ಮುಂಚೆ ಸೌಜನ್ಯ ಚಿಂತಾಮಣಿಯ ಒಂದು ಕಣ್ಣಿನ ದವಾಖಾನೆಯಲ್ಲಿ ಮೈಕು ಹಿಡಿದು ರೋಗಿಗಳ ಹೆಸರು ಕೂಗುವ ಕೆಲಸ ಮಾಡಿದ್ದಳು. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಕೂತ ಮುದುಕರು ಅವಳ ದನಿ ಬಂದ ಕಡೆಗೇ ಮುಖ ತಿರುಗಿಸುತ್ತಿದ್ದರು. ಮಗು ಹುಟ್ಟಿದ ಮೇಲೆ ಕೆಲಸ ಬಿಟ್ಟಳು. ಆ ತಿರುಗುವ ಮುಖಗಳನ್ನು ಮಾತ್ರ ಮರೆತಿರಲಿಲ್ಲ.

ಇಂಟರ್ನೆಟ್ ರೇಡಿಯೋ ಅಂತ ಒಂದಿದೆ ಎಂದು ಅವಳಿಗೆ ತಿಳಿದದ್ದು ಮೊಬೈಲಿನ ವೀಡಿಯೋಗಳಿಂದ. ಟವರ್ ಬೇಡ, ಕಟ್ಟಡ ಬೇಡ. ಎಲ್ಲೋ ದೂರದ ಒಂದು ಕಂಪ್ಯೂಟರಿಗೆ ನಮ್ಮ ದನಿ ಕಳಿಸಿದರೆ, ಲಿಂಕು ಒತ್ತಿದವರಿಗೆಲ್ಲ ಅದು ಹಂಚುತ್ತದೆ. ನರೇಂದ್ರನ ತಮ್ಮ ಓದುವಾಗ ಬಳಸಿದ್ದ ಹಳೇ ಲ್ಯಾಪ್‌ಟಾಪು ಮನೆಯಲ್ಲಿತ್ತು. ಮೈಕಿಗೆ ಇಯರ್‌ಫೋನೇ ಸಾಕಾಯಿತು. ಹುಳುಮನೆಯ ಪಕ್ಕದ ಸೊಪ್ಪಿನ ಕೋಣೆಗೆ ತಂಪಿರಲೆಂದು ಸುತ್ತ ಒದ್ದೆ ಗೋಣಿತಟ್ಟು ಇಳಿಬಿಟ್ಟಿದ್ದರು. ಅಲ್ಲಿ ಹೊರಗಿನ ಟ್ರ್ಯಾಕ್ಟರ್ ಸದ್ದೂ ಕೇಳುತ್ತಿರಲಿಲ್ಲ. ಅದೇ ಸ್ಟುಡಿಯೋ ಆಯಿತು. ಹೆಸರು 'ಹುಳುಮನೆ ರೇಡಿಯೋ'.

ಮೊದಲ ದಿನ ಅವಳು "ಎಲ್ರಿಗೂ ನಮಸ್ಕಾರ" ಎಂದು ಇನ್ನೊಂದು ಮೊಬೈಲಿನಲ್ಲಿ ಕಿವಿಗೊಟ್ಟಳು. ಸದ್ದಿಲ್ಲ. "ಥೂ, ಹಾಳಾದ್ದು, ಬರ್ತಾನೇ ಇಲ್ವಲ್ಲ" ಎಂದಳು. ಸ್ವಲ್ಪ ಹೊತ್ತಾದ ಮೇಲೆ ಮೊಬೈಲು ಅವಳದೇ ದನಿಯಲ್ಲಿ ನಮಸ್ಕಾರ ಹೇಳಿತು, ಹಿಂದೆಯೇ ಥೂ ಎಂದಿತು. ಆಡಿದ ಮಾತು ಕೇಳುವವರನ್ನು ಮುಟ್ಟಲು ಹೊತ್ತು ಹಿಡಿಯುತ್ತದೆ ಎಂಬುದು ಹಾಗೆ ಗೊತ್ತಾಯಿತು. ಪರದೆಯ ಮೇಲೆ ಕೇಳುಗರ ಸಂಖ್ಯೆ ಒಂದು ಎಂದಿತ್ತು. ಆ ಒಬ್ಬಳು ಅವಳೇ.

ಬೇಗ ಜನ ಬರಲೆಂದು ಸಿನಿಮಾ ಹಾಡು ಹಾಕಿದಳು. ಬಂದರು ಕೂಡ. ಹಕ್ಕಿಲ್ಲದ ಹಾಡು ಹಾಕುತ್ತಿದ್ದೀರಿ ಎಂದು ಒಂದು ಎಚ್ಚರಿಕೆ ಬಂತು. ಅವಳಿಗೆ ಅದು ಅರ್ಥವಾಗುವುದರೊಳಗೆ ಸ್ಟೇಷನ್ನೇ ಬಂದ್ ಆಯಿತು. ಯಾರನ್ನು ಕೇಳುವುದು, ಎಲ್ಲಿಗೆ ಹೋಗಿ ಹೇಳಿಕೊಳ್ಳುವುದು? ಅತ್ತ ಕಡೆ ಮನುಷ್ಯರೇ ಇರಲಿಲ್ಲ. ಅತ್ತು, ಸುಮ್ಮನಾಗಿ, ಹೊಸದಾಗಿ ಶುರು ಮಾಡಿದಳು. ಈ ಸಲ ಯಾರ ಹಕ್ಕೂ ಇಲ್ಲದ ಹಾಡು ಬೇಕಿತ್ತು. ಹಾಗೆ ಹುಡುಕಿಕೊಂಡು ಹೋದದ್ದು ಚಿಕ್ಕವೆಂಕಟಮ್ಮನ ಮನೆಗೆ.

ಚಿಕ್ಕವೆಂಕಟಮ್ಮ ಹಿಂದಿನ ಬೀದಿಯವಳು. ಗಂಡ ಮುನಿಶಾಮಪ್ಪ, ಗೌರಿಬಿದನೂರಿನ ಕಾರ್ಖಾನೆಗೆ ಹೋಗುವ ಮಗ ಕನಕರಾಜ್, ಸೊಸೆ ಮುನಿಲಕ್ಷ್ಮಿ, ತುಂಬಿದ ಮನೆ. ಬೀಸುವ ಹಾಡು, ನಾಟಿ ಹಾಡು, ಹಸೆಗೆ ಕರೆಯುವ ಹಾಡು ಆಕೆಯ ಬಾಯಲ್ಲಿ ಕನ್ನಡದಲ್ಲಿ ಹೊರಟು ತೆಲುಗಿನಲ್ಲಿ ಬಂದು ನಿಲ್ಲುತ್ತಿದ್ದವು.

"ರೇಡಿಯೋಗಾ? ನನ್ ಗಂಟ್ಲು ಒಡೆದ ಮಡಿಕೆ ಕಣಮ್ಮ," ಎಂದಳು ಮೊದಲು. ಆಮೇಲೆ ತಾನೇ ಕೇಳಿದಳು, "ಯಾವ ಸೀರೆ ಉಟ್ಕೊಂಬರ್ಲಿ?"

ರೇಡಿಯೋದಲ್ಲಿ ಸೀರೆ ಕಾಣುವುದಿಲ್ಲ ಎಂದರೂ ಕೇಳದೆ, ಹಸಿರು ಅಂಚಿನ ಹಳದಿ ಸೀರೆ ಉಟ್ಟು, ಹೂ ಮುಡಿದು ಬಂದಳು. ಹಿಪ್ಪುನೇರಳೆ ಸೊಪ್ಪಿನ ರಾಶಿಗೆ ಒರಗಿ ಹಾಡಿದಳು. ಅಂದಿನಿಂದ ಸಾಯಂಕಾಲದ ಹಾಡು ಆಕೆಯದೇ. ಅಂಬಾಜಿದುರ್ಗದ ಕೆಳಗಿನ ಹಳ್ಳಿಗಳಲ್ಲಿ, ಶಿಡ್ಲಘಟ್ಟದ ನೂಲು ತೆಗೆಯುವ ರೀಲಿಂಗ್ ಘಟಕಗಳಲ್ಲಿ, ಪೆರೇಸಂದ್ರದ ಹೆದ್ದಾರಿ ಅಂಗಡಿಯೊಂದರಲ್ಲಿ ಕೂಡ ಹೆಂಗಸರು ಲಿಂಕು ಒತ್ತಿ ಕೇಳತೊಡಗಿದರು. ಎಪ್ಪತ್ತು ದಾಟಿದ ಚಿಕ್ಕವೆಂಕಟಮ್ಮ ಬೀದಿಯಲ್ಲಿ ಹೋದರೆ ಮಕ್ಕಳು "ರೇಡಿಯೋ ಅಜ್ಜಿ" ಎನ್ನುತ್ತಿದ್ದವು. ಆಕೆ ಬೈಯುವ ಹಾಗೆ ಮಾಡಿ ನಗುತ್ತಿದ್ದಳು.

ಮರೆವು ಯಾವಾಗ ಶುರುವಾಯಿತೋ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಮೊದಮೊದಲು ಹಾಡಿದ ಸಾಲನ್ನೇ ಮತ್ತೆ ಹಾಡಿದಳು. ಹಳೇ ಹಾಡಿನ ರೀತಿಯೇ ಹಾಗೆ ಎಂದು ಸೌಜನ್ಯ ಅಂದುಕೊಂಡಳು. ಒಂದು ದಿನ ಹಾಡು ಮುಗಿಸಿ, "ಇದು ಯಾರ ಮನೆಯಮ್ಮ?" ಎಂದು ಕೇಳಿದಳು. ಇನ್ನೊಂದು ದಿನ ಒಲೆ ಮೇಲೆ ಹಾಲಿಟ್ಟು ಕೆರೆ ಕಡೆ ನಡೆದುಬಿಟ್ಟಿದ್ದಳು. ಡಾಕ್ಟರು ವಯಸ್ಸಿನ ಕಾಯಿಲೆ, ಒಂಟಿಯಾಗಿ ಬಿಡಬೇಡಿ ಎಂದರು.

ಮುನಿಲಕ್ಷ್ಮಿ ಸೊಪ್ಪಿನ ಕೋಣೆಯ ಬಾಗಿಲಿಗೆ ಬಂದು ನಿಂತಳು. "ಇನ್ಮೇಲೆ ಅತ್ತೇನ ಕರೀಬೇಡಕ್ಕ. ಹಾಡ್ಬೇಕು ಅಂತ ಮಧ್ಯಾನದಿಂದ್ಲೇ ಎದ್ದು ಹೊರಡ್ತಾರೆ. ನಾನು ಹುಳ ನೋಡ್ಲಾ, ಅವ್ರನ್ನ ನೋಡ್ಲಾ?"

ಸೌಜನ್ಯ ಒಪ್ಪಿದಳು. ಹಿಂದೆ ರೆಕಾರ್ಡ್ ಮಾಡಿಕೊಂಡಿದ್ದ ಹಾಡುಗಳನ್ನು ಹಾಕತೊಡಗಿದಳು. ಮನೆಯಲ್ಲಿ ಚಿಕ್ಕವೆಂಕಟಮ್ಮ ಮೊಬೈಲಿನಲ್ಲಿ ತನ್ನದೇ ದನಿ ಕೇಳಿ, "ಯಾರಮ್ಮ ಇವ್ಳು, ನನ್ ಹಾಡು ಹಾಡ್ತಾವ್ಳೆ?" ಎಂದು ಸಿಟ್ಟಾಗುತ್ತಿದ್ದಳಂತೆ.

ಹುಳು ಹಣ್ಣಾಗಿ ಗೂಡು ಕಟ್ಟಲು ಏರುವ ದಿನ ಯಾವ ಮನೆಯಲ್ಲೂ ಯಾರಿಗೂ ತಲೆ ಎತ್ತಲು ಬಿಡುವಿರುವುದಿಲ್ಲ. ಅಂಥದೊಂದು ಬೆಳಗ್ಗೆ ಚಿಕ್ಕವೆಂಕಟಮ್ಮ ಹಳದಿ ಸೀರೆ ಉಟ್ಟು ಮನೆಯಿಂದ ಹೊರಟಳು. ಊಟದ ಹೊತ್ತಿಗೆ ಇಲ್ಲವೆಂದು ಗೊತ್ತಾಯಿತು. ಬಾವಿ, ಕೆರೆ, ತೋಟ, ದೇವಸ್ಥಾನ, ಎಲ್ಲ ನೋಡಿದರು. ಮುನಿಶಾಮಪ್ಪ ಓಡುತ್ತಾ ಬಂದ. ಜೀವನದಲ್ಲಿ ಓಡದ ಮನುಷ್ಯ.

"ರೇಡಿಯೋದಾಗೆ ಹೇಳಮ್ಮ. ನಾಕ್ ಊರಿಗೆ ಕೇಳ್ಲಿ."

ಸೌಜನ್ಯ ಹೇಳಿದಳು. ಹೆಸರು, ಸೀರೆಯ ಬಣ್ಣ, ಕಿವಿಯ ಓಲೆ, ಕನಕರಾಜನ ಫೋನ್ ನಂಬರು. ಮತ್ತೆ ಮತ್ತೆ ಹೇಳಿದಳು. ಲಿಂಕು ಗುಂಪಿನಿಂದ ಗುಂಪಿಗೆ ಹಾರಿತು. ಕೇಳುಗರ ಸಂಖ್ಯೆ ಅವಳು ಎಂದೂ ಕಾಣದಷ್ಟು ಏರಿ, ಒಂದು ಕಡೆ ಗಕ್ಕನೆ ನಿಂತಿತು. ಬಿಟ್ಟಿ ಸರ್ವರಿನಲ್ಲಿ ಅದಕ್ಕಿಂತ ಹೆಚ್ಚು ಜನಕ್ಕೆ ಜಾಗವಿಲ್ಲ. ಮುನಿಲಕ್ಷ್ಮಿ ಫೋನ್ ಮಾಡಿ, "ಅಕ್ಕಾ, ನಂಗೇ ಕೇಳಿಸ್ತಿಲ್ಲ, ಬರೀ ಚಕ್ರ ಸುತ್ತತಾನೇ ಐತೆ, ಏನ್ ಹೇಳ್ತಿದೀಯ?" ಎಂದು ಅತ್ತಳು. ಎಲ್ಲಿಯೋ ಕುತೂಹಲಕ್ಕೆ ಕೇಳುತ್ತಿದ್ದವರು ಒಳಗಿದ್ದರು, ಮನೆಯವರು ಹೊರಗಿದ್ದರು. ಒಬ್ಬರನ್ನು ಇಳಿಸಿ ಇನ್ನೊಬ್ಬರನ್ನು ಹತ್ತಿಸಿಕೊಳ್ಳಲು ಅದು ಬಸ್ಸಲ್ಲ. "ದಯವಿಟ್ಟು ಸುಮ್ನೆ ಕೇಳ್ತಿರೋರು ಆಫ್ ಮಾಡಿ" ಎಂದು ಬೇಡಿಕೊಂಡಳು. ಸಂಖ್ಯೆ ಇಳಿಯಲಿಲ್ಲ.

ಫೋನುಗಳು ಬಂದವು. ಪೆರೇಸಂದ್ರದಲ್ಲಿ ನೋಡಿದೆವು ಎಂದರು. ಹೋದರೆ ಅದು ಯಾವುದೋ ಹೆಂಗಸು, ನೀಲಿ ಸೀರೆ. ಕೆಲವರು ಸುಮ್ಮನೆ ಮಾತಾಡಲು ಫೋನ್ ಮಾಡಿದರು. "ಹಾಡು ಹಾಕಿ, ಚೆನ್ನಾಗಿತ್ತು," ಎಂದ ಒಬ್ಬ.

ಮರುದಿನ ಬೆಳಗ್ಗೆ ಅಂಬಾಜಿದುರ್ಗದ ಕೆಳಗಿನ ಒಂದು ಹಳ್ಳಿಯಿಂದ ಶ್ಯಾಮಲಮ್ಮ ಎಂಬುವರ ಕರೆ ಬಂತು. ಹಳದಿ ಸೀರೆ, ಹಸಿರು ಅಂಚು, ಓಲೆ, ಎಲ್ಲ ಸರಿಯಾಗಿ ಹೇಳಿದರು. ಪೊಲೀಸ್ ಠಾಣೆಗೆ ದೂರು ಕೊಟ್ಟು ಬಂದಿದ್ದ ಕನಕರಾಜ್, ಮುನಿಶಾಮಪ್ಪ, ಸೌಜನ್ಯ, ನರೇಂದ್ರ ಒಂದೇ ಕಾರಿನಲ್ಲಿ ಹೋದರು.

ಶ್ಯಾಮಲಮ್ಮ ಜಗುಲಿಯ ಮೇಲೆ ಕಾಯುತ್ತಿದ್ದರು. "ನೆನ್ನೆ ಬಂದಿದ್ರಪ್ಪ. ಬಿಸ್ಲಲ್ಲಿ ಸುಸ್ತಾಗಿದ್ರು. ಮಜ್ಜಿಗೆ ಕೊಟ್ಟೆ, ಮುದ್ದೆ ಉಣ್ಸಿದೆ. ಎಲ್ಲಿಗಮ್ಮ ಅಂದ್ರೆ, ರೇಡಿಯೋಗೆ ಹೋಗ್ಬೇಕು, ಹಾಡಕ್ಕೆ ಕರ್ದವ್ರೆ, ಹೊತ್ತಾಯ್ತು ಅಂದ್ರು."

ಸೌಜನ್ಯ ಜಗುಲಿಯ ಮೆಟ್ಟಿಲು ಹತ್ತಿ ಹತ್ತಿರ ಬಂದಳು. "ಆಮೇಲೆ?"

"ಚೆನ್ನಾಗಿ ಉಟ್ಟಿದ್ರು, ಚೆನ್ನಾಗಿ ಮಾತಾಡ್ತಿದ್ರು. ನಂಗೇನ್ ಗೊತ್ತಾಗ್ಬೇಕು? ರೇಡಿಯೋ ಅಂದ್ರೆ ದೊಡ್ ಊರಲ್ಲಿರುತ್ತೆ ಅಂತ ನಾನೇ ಕೈ ಹಿಡ್ದು ಚಿಕ್ಕಬಳ್ಳಾಪುರದ ಬಸ್ ಹತ್ತಿಸ್ದೆ. ಟಿಕೆಟ್ ನಾನೇ ತೆಗೆಸ್ದೆ ಕಣಪ್ಪಾ." ಹೇಳುತ್ತಾ ಹೇಳುತ್ತಾ ಸೌಜನ್ಯಳ ದನಿಯ ಗುರುತು ಹತ್ತಿ, ಆಕೆ ಸೆರಗು ಬಾಯಿಗೆ ಒತ್ತಿಕೊಂಡರು. "ರೇಡಿಯೋ ನಿಮ್ಮೂರಲ್ಲೇ ಐತಾ? ಎಲ್ಲೈತೆ ಅಂತ ಅದ್ರಲ್ಲಿ ಒಂದ್ಸಲನೂ ಹೇಳ್ಲಿಲ್ವಲ್ಲಮ್ಮ ನೀನು. ನಾನೂ ಕೇಳ್ತೀನಿ ದಿನಾ."

ಅದನ್ನು ಹೇಳಬೇಕೆಂದು ಸೌಜನ್ಯಳಿಗೆ ಎಂದೂ ತೋಚಿರಲಿಲ್ಲ.

ಚಿಕ್ಕಬಳ್ಳಾಪುರದ ಬಸ್ ನಿಲ್ದಾಣದ ಕ್ಯಾಮೆರಾದಲ್ಲಿ ಚಿಕ್ಕವೆಂಕಟಮ್ಮ ಸಿಕ್ಕಳು. ಬಸ್ಸಿನಿಂದ ಇಳಿದು ಸೆರಗು ಸರಿಮಾಡಿಕೊಂಡಳು. ಒಬ್ಬ ಹುಡುಗಿಯನ್ನು ಏನೋ ಕೇಳಿದಳು. ಹುಡುಗಿ ತಲೆಯಾಡಿಸಿ ಹೋದಳು. ಹಣ್ಣು ಮಾರುವವನನ್ನು ಕೇಳಿದಳು. ಅವನು ಕೈ ಎತ್ತಿ ಒಂದು ದಿಕ್ಕು ತೋರಿಸಿದ. ಆಕೆ ಆ ಕಡೆ ನಡೆದು ಚಿತ್ರದ ಅಂಚಿನಿಂದ ಆಚೆ ಹೋದಳು. ಹಣ್ಣಿನವನನ್ನು ಹುಡುಕಿ ಕೇಳಿದರೆ, "ದಿನಾ ನೂರು ಜನ ಕೇಳ್ತಾರಣ್ಣ" ಎಂದ. ಕನಕರಾಜ್ ಆ ತುಣುಕನ್ನು ಮತ್ತೆ ಮತ್ತೆ ಹಾಕಿಸಿ ನೋಡಿದ. ಪ್ರತಿ ಸಲವೂ ಆಕೆ ಅದೇ ಅಂಚಿನಲ್ಲಿ ಇಲ್ಲವಾಗುತ್ತಿದ್ದಳು.

ಅಲ್ಲಿಂದ ಮುಂದೆ ಜಾಡು ಸಿಗಲಿಲ್ಲ. ಆಸ್ಪತ್ರೆ, ಆಶ್ರಮ, ರೈಲು ನಿಲ್ದಾಣ, ಗಡಿಯಾಚೆಯ ಊರುಗಳು, ಎಲ್ಲ ಸುತ್ತಿದರು. ಗೂಡು ಬಿಡಿಸುವವರಿಲ್ಲದೆ ಮುನಿಶಾಮಪ್ಪನ ಮನೆಯ ಬೆಳೆ ಚಂದ್ರಿಕೆಯಲ್ಲೇ ಉಳಿಯಿತು. ಕೊನೆಗೆ ನೆರೆಯವರು ಬಿಡಿಸಿಕೊಟ್ಟರು.

ಸೌಜನ್ಯ ರೇಡಿಯೋ ನಿಲ್ಲಿಸಲು ನಿರ್ಧರಿಸಿದಳು. ಅದನ್ನು ಹೇಳಲು ಹೋದಾಗ ಮುನಿಶಾಮಪ್ಪ ಬಿಡಲಿಲ್ಲ. "ನಿಲ್ಲಿಸ್ಬೇಡ ತಾಯಿ. ಎಲ್ಲಾನಾ ಯಾರಾನಾ ಹಾಕ್ಕೊಂಡಿದ್ರೆ ಅವ್ಳ ಕಿವಿಗೆ ಬೀಳ್ತದೆ. ಅವ್ಳ ಹಾಡೇ ಹಾಕು. ತನ್ ದನಿ ಗೊತ್ತಾಯ್ತದೆ ಅವ್ಳಿಗೆ."

ಅವನು ತೋಟದ ಕಡೆ ಹೋದ ಮೇಲೆ ಮುನಿಲಕ್ಷ್ಮಿ ಅವಳ ಕೈ ಹಿಡಿದಳು. "ಅಕ್ಕಾ, ದಮ್ಮಯ್ಯ, ಆ ಹಾಡು ಹಾಕ್ಬೇಡ. ಮಾವ ಮೊಬೈಲ್ ಎದೆ ಮೇಲಿಟ್ಕೊಂಡು ಕೂರ್ತಾರೆ. ಊಟ ಇಲ್ಲ. ನಂಗೆ ಅದು ಕೇಳಿದ್ರೆ, ಅವತ್ತು ಬಾಗ್ಲು ಹಾಕ್ಕೊಂಡಿದ್ರೆ ಆಗ್ತಿರ್ಲಿಲ್ಲ ಅಂತ ಅನಿಸ್ತದೆ."

ಇಬ್ಬರೂ ಬೇಡಿದ್ದು ಒಂದೇ ಮನೆಯಿಂದ. ಒಬ್ಬರಿಗೆ ಹೂಂ ಎಂದರೆ ಇನ್ನೊಬ್ಬರ ಕೊರಳು ಹಿಚುಕಿದ ಹಾಗೆ. ಸೌಜನ್ಯ ಏನು ಮಾಡಲೆಂದು ನರೇಂದ್ರನನ್ನು ಕೇಳಿದಳು. "ನಿಂಗೇನ್ ಅನಿಸ್ತದೋ ಅದು ಮಾಡು" ಎಂದ. ಅವಳಿಗೆ ಏನೂ ಅನಿಸುತ್ತಿರಲಿಲ್ಲ. ಹಾಡು ಹಾಕಿದಳು, ನಡುವೆ ನಿಲ್ಲಿಸಿದಳು, ಎರಡು ದಿನ ಬರೀ ಗೂಡಿನ ದರ ಓದಿದಳು.

ಒಂದು ಸಂಜೆ ಮುನಿಶಾಮಪ್ಪ ತಾನೇ ಸೊಪ್ಪಿನ ಕೋಣೆಗೆ ಬಂದ. "ಹಾಡು ಬೇಡ್ವಂತೆ ಬಿಡು, ಸೊಸೆ ಅಳ್ತಾಳೆ. ನಾನೇ ಹೇಳ್ತೀನಿ. ಎಲ್ಲಿ ಮಾತಾಡ್ಬೇಕು?"

ಸೌಜನ್ಯ ಇಯರ್‌ಫೋನಿನ ಮೈಕನ್ನು ಅವನ ಬಾಯಿಯ ಹತ್ತಿರ ಹಿಡಿದಳು. ಅವನು ಕೆಮ್ಮಿದ. ಜೋರಾಗಿ ಕೂಗಬೇಕೇನೋ ಎಂದು ಗೋಡೆಯ ಕಡೆಗೆ ಕೂಗಿದ.

"ಚಿಕ್ಕೀ, ನಾನು. ರೇಡಿಯೋ ಚಿಕ್ಕಬಳ್ಳಾಪುರದಾಗೆ ಇಲ್ಲಮ್ಮೋ. ಇಲ್ಲೇ, ನಮ್ಮೂರಾಗೇ, ನರೇಂದ್ರನ ಸೊಪ್ಪಿನ ರೂಮಾಗೆ. ಯಾರ್ನಾನಾ ಕೇಳು, ಕೆಂಚಾರ್ಲಹಳ್ಳಿ ಅನ್ನು. ಇಂಟಿಕಿ ರಾ, ಮನೆಗೆ ಬಾ."

ಹೇಳಿ, ಉತ್ತರಕ್ಕೆ ಕಾಯುವವನಂತೆ ಮೈಕಿನತ್ತ ನೋಡುತ್ತಾ ಕೂತ.

"ಏನಾನಾ ಅಂದ್ಲಾ?" ಎಂದು ಕೇಳಿದ.

"ಇದ್ರಲ್ಲಿ ನಾವು ಹೇಳ್ಬೋದು ತಾತ, ಅವ್ರು ಹೇಳೋದು ನಮಗೆ ಕೇಳ್ಸಲ್ಲ," ಎಂದಳು ಸೌಜನ್ಯ.

ಮುನಿಶಾಮಪ್ಪ ಅದನ್ನು ಅರ್ಥ ಮಾಡಿಕೊಳ್ಳಲು ಪ್ರಯತ್ನಿಸಿದ. ಆಗದೆ, ಎದ್ದು ಗೋಣಿತಟ್ಟು ಸರಿಸಿ ಹೊರಗೆ ಹೋದ. ಮರುದಿನ ಅದೇ ಹೊತ್ತಿಗೆ ಮತ್ತೆ ಬಂದ. ಈಗಲೂ ಬರುತ್ತಾನೆ. ಸೌಜನ್ಯ ಬೇಡ ಎನ್ನುವುದಿಲ್ಲ, ಬಾ ಎಂದೂ ಕರೆಯುವುದಿಲ್ಲ. ಮೈಕು ಹಿಡಿದು, ಅವನು ಮಾತು ಮುಗಿಸುವವರೆಗೆ ಮುಖ ಆಚೆ ತಿರುಗಿಸಿ ಕೂರುತ್ತಾಳೆ.