ಗೋಡೆಗೆ ಹೊಟ್ಟೆ ಬಂತು

ಹೋದ ವಾರ ನಮ್ಮ ಮನೆ ಗೋಡೆಗೆ ಹೊಟ್ಟೆ ಬಂತು.

ತಮಾಷೆ ಅಲ್ಲ ಕಣ್ರೀ. ಕುಣಿಗಲ್‌ನಲ್ಲಿ ನಾದಿನಿಯ ಸೀಮಂತ ಮುಗಿಸಿಕೊಂಡು ಕ್ಯಾತ್ಸಂದ್ರಕ್ಕೆ ವಾಪಸ್ ಬಂದು ಬಾಗಿಲು ತೆಗೀತೀನಿ, ನಾನು ಕೈಯಾರೆ ಮೆತ್ತಿ, ಉಜ್ಜಿ ನೈಸ್ ಮಾಡಿದ್ದ ಗೋಡೆ ನಾದಿನಿಗಿಂತ ಮುಂದೆ ಬಂದಿದೆ! ಬಳೆ ತೊಡಿಸೋಣ ಅಂದರೆ ಅದಕ್ಕೆ ಕೈ ಬೇರೆ ಇಲ್ಲ.

ಕಾಯಂ ಓದುಗರಿಗೆ ಗೊತ್ತಿರೋದೇ, ಹೊಸಬರಿಗೆ ಹೇಳಿಬಿಡ್ತೀನಿ. ನಾನೂ ನನ್ನ ಗಂಡ ಸುರೇಶನೂ ಒಂದು ಮನೆ ಕಟ್ಟುತ್ತಿದ್ದೇವೆ. ಚಕ್ರದ ಮೇಲೆ. ಟೈನಿ ಹೌಸ್ ಅಂತಾರಲ್ಲ, ಅದು. ಈಗಿರೋ ಮನೆಯ ಅಂಗಳದಲ್ಲೇ, ಹಳೇ ಟ್ರೇಲರ್ ಮೇಲೆ ಕಬ್ಬಿಣದ ಫ್ರೇಮು, ಹೊರಗೆ ಶೀಟು, ಒಳಗೆ ಪ್ಲೈವುಡ್ಡು, ಮಧ್ಯೆ ಥರ್ಮಾಕೋಲು. ಒಂದು ಮಂಚ, ಒಂದು ಒಲೆ, ಒಂದು ಕಿಟಕಿ. ಮುಗಿದ ಮೇಲೆ ಜೀಪಿನ ಹಿಂದೆ ಸಿಕ್ಕಿಸಿಕೊಂಡು ಹೋಗಿ, ಬೇಕಾದ ಕಡೆ ನಿಲ್ಲಿಸಿ, ಕಾಫಿ ಕಾಯಿಸಿಕೊಳ್ಳೋದು. (ನೆಲಮಂಗಲದ ಟ್ರಾಫಿಕ್ಕಲ್ಲಿ ಸಿಕ್ಕಿಕೊಂಡರೂ ಚಿಂತೆಯಿಲ್ಲ. ಮನೇಲೇ ಇರ್ತೀವಲ್ಲ!)

ಎಲ್ಲರೂ ಸೂಪರ್ ಅಂದರು. ಒಬ್ಬರನ್ನು ಬಿಟ್ಟು. ಅವರು ನಮ್ಮಪ್ಪ.

ಅಪ್ಪ ಗುಬ್ಬಿಯಲ್ಲಿದ್ದಾರೆ. ರಿಟೈರ್ಡ್ ಮೇಷ್ಟ್ರು. ಪಾಠ ಮಾಡಿದ್ದು ಸಮಾಜ, ನಿಜವಾದ ಸಬ್ಜೆಕ್ಟು ಮನೆ ಕಟ್ಟೋದು. ನೆಂಟರಿಷ್ಟರಲ್ಲಿ ಯಾರು ಪಾಯ ತೆಗೆದರೂ ಅಪ್ಪ ಹಾಜರ್. ತಲೆಗೆ ಟವೆಲ್ಲು, ಕೈಯಲ್ಲಿ ನೀರಿನ ಪೈಪು. ಸಿಮೆಂಟ್ ಕೆಲಸ ಆದ ಮೇಲೆ ಬೆಳಿಗ್ಗೆ ಸಂಜೆ ಗೋಡೆಗೆ ನೀರು ಹೊಡೀಬೇಕಲ್ಲ, ಆ ಕ್ಯೂರಿಂಗ್ ಡಿಪಾರ್ಟ್‌ಮೆಂಟು ಪೂರ್ತಿ ಅವರದೇ. ಯಾರೂ ಕರೆಯಬೇಕಿಲ್ಲ. ಒಬ್ಬರ ಗೃಹಪ್ರವೇಶದಲ್ಲಿ ಊಟಕ್ಕೆ ಕೂತ ಅಪ್ಪ ಗೋಡೆ ಸವರಿ ನೋಡಿ, "ಪಾಪ, ಇದು ಸರ್ಯಾಗಿ ನೀರೇ ಕುಡ್ದಿಲ್ಲ ಕಣಯ್ಯ" ಅಂದುಬಿಟ್ಟರು. ಆ ಮನೆಯವರು ಇವತ್ತಿಗೂ ನಮ್ಮ ಜೊತೆ ಮಾತಾಡಲ್ಲ.

ಅಂಥವರ ಮಗಳು ಚಕ್ರದ ಮೇಲೆ ಮನೆ ಕಟ್ಟಿದರೆ ಹೇಗಾಗಬೇಡ? ಮೊದಲ ಸಲ ಬಂದಾಗ ಸುತ್ತ ಒಂದು ರೌಂಡ್ ಹಾಕಿದರು. ಬಗ್ಗಿ ಕೆಳಗೆ ನೋಡಿದರು.

"ಪಾಯ ಎಲ್ಲಮ್ಮ?"

"ಪಾಯ ಇಲ್ಲ ಅಪ್ಪ, ಟೈರಿದೆ."

"ಪಾಯ ಇಲ್ದೇ ಮನೆ ಹೆಂಗಾಯ್ತದೆ? ಲಾರಿ ಕಣಮ್ಮ ಇದು."

ಅವತ್ತಿಂದ ಅದೇ ಹೆಸರು. ಫೋನ್ ಮಾಡಿದರೆ, "ನಿನ್ನ ಲಾರಿ ಎಲ್ಲಿಗ್ ಬಂತು?" ನೆಂಟರ ಮುಂದೆ, "ನಮ್ಮುಡುಗಿ ಲಾರಿ ಬಾಡಿ ಕಟ್ತಾವ್ಳೆ." ಸುರೇಶ ನಗುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಡ್ರಿಲ್ ಹಿಡಿದು ಅಂಗೈಯಲ್ಲಿ ಗುಳ್ಳೆ ಎದ್ದಿದ್ದು ನನಗೆ ತಾನೆ? ಊರೆಲ್ಲ ಹೊಗಳಿ ಏನು ಬಂತು, ಮನೆ ಅಂದರೆ ಹೀಗಿರಬೇಕು ಅಂತ ನನಗೆ ಹೇಳಿಕೊಟ್ಟ ಮನುಷ್ಯ ಒಂದೇ ಒಂದು ಸಲ ಇದನ್ನ ಮನೆ ಅನ್ನಬಾರದಾ? ಅದೊಂದೇ ಆಸೆ ನನಗಿದ್ದಿದ್ದು.

ಅದಕ್ಕೇ ಒಳಗಿನ ಗೋಡೆಗೆ ಅಷ್ಟು ಒದ್ದಾಡಿದೆ. ಬರೀ ಪ್ಲೈವುಡ್ ಬಿಟ್ಟರೆ ಬೀರು ಒಳಗೆ ಕೂತ ಹಾಗಿರುತ್ತೆ. ಮೈಕಾ ಅಂಟಿಸಿದರೆ ಬ್ಯಾಂಕಿನ ಕೌಂಟರ್. ಜಾಯಿಂಟುಗಳಿಗೆ ಜಾಲರಿ ಟೇಪ್ ಹಾಕಿ, ಮೇಲೆ ಪುಟ್ಟಿ ಬಳಿದು, ಒಣಗಿದ ಮೇಲೆ ಸ್ಯಾಂಡ್‌ಪೇಪರಲ್ಲಿ ಉಜ್ಜಿ ಉಜ್ಜಿ ಭುಜ ಬಿದ್ದುಹೋಯ್ತು. (ಮುಖದ ತುಂಬ ಬಿಳಿ ಪುಡಿ ಮೆತ್ತಿಕೊಂಡು ಗೇಟಿಗೆ ಹೋದರೆ ಹಾಲಿನವನು ಎರಡು ಹೆಜ್ಜೆ ಹಿಂದೆ ಹೋದ.) ಕೊನೆಗೆ ಥೇಟ್ ಗಾರೆ ಗೋಡೆ! ತಟ್ಟಿದರೆ ಮಾತ್ರ ಡಬ ಡಬ ಅನ್ನುತ್ತೆ. ತಟ್ಟೋರ್ಯಾರು ಬಿಡಿ. ಬಣ್ಣ ಒಂದು ಬಾಕಿಯಿತ್ತು.

ಅಷ್ಟರಲ್ಲಿ ಸೀಮಂತ ಬಂತು. ನಾವಿಬ್ಬರೂ ಹೋಗಬೇಕಲ್ಲ, ಮನೆ ಕಾಯೋಕೆ ಅಂತ ಅಪ್ಪನ್ನ ಗುಬ್ಬಿಯಿಂದ ಕರೆಸಿದೆ. ಬೀಗದ ಕೈ ಕೊಡುವಾಗ, "ಚಕ್ರದ ಮನೆ ಒಳಗೋಡೆ ಮುಗಿದಿದೆ ಅಪ್ಪ, ಒಂದ್ಸಲ ನೋಡಿ" ಅಂದೆ.

"ಆಯ್ತು ಬುಡು, ನೋಡ್ತೀನಿ ನಿನ್ನ ಲಾರಿನ."

ನೋಡಲಿ, ನೋಡಿ ಬೆರಗಾಗಲಿ ಅಂತಲೇ ನಾನು ಬಸ್ ಹತ್ತಿದ್ದು.

ವಾಪಸ್ ಬಂದರೆ ನೆಲದ ತುಂಬ ನೀರು. ಪುಟ್ಟಿ ಹಪ್ಪಳದ ಥರ ಎದ್ದು ಉದುರಿದೆ. ಪ್ಲೈವುಡ್ ಊದಿಕೊಂಡು ಮುಂದಕ್ಕೆ ಬಂದಿದೆ. ಮೇಲಿನ ಶೀಟು ಸೋರಿತಾ? ಮಳೆಯೇ ಬಂದಿಲ್ಲವಲ್ಲ! ಹಿಂದೆ ತಿರುಗಿದೆ. ಅಪ್ಪ ನಿಂತಿದ್ದಾರೆ. ಪಂಚೆ ಎತ್ತಿ ಕಟ್ಟಿ, ತಲೆಗೆ ಟವೆಲ್ ಸುತ್ತಿ, ಗಿಡಕ್ಕೆ ನೀರು ಹಾಕೋ ಪೈಪ್ ಹಿಡಿದು, ಸಂಜೆ ಡ್ಯೂಟಿಗೆ ರೆಡಿ.

"ಇದೇನಪ್ಪ ಮಾಡಿದ್ದೀರಾ?"

"ಕ್ಯೂರಿಂಗು ಕಣಮ್ಮ. ಗಾರೆ ಮಾಡಿ ಹಂಗೇ ಒಣಗಾಕ್ ಬಿಟ್ಟು ಹೋಗಿದ್ಯಲ್ಲ, ಬಿರುಕು ಬಿಡಲ್ವಾ? ನೆನ್ನೆಯಿಂದ ಕುಡಿಸ್ತಾ ಇದೀನಿ. ಎಷ್ಟು ಹೊಡದ್ರೂ ಎಳ್ಕೊಂತದೆ. ಬೆಳಿಗ್ಗೆ ವಸಿ ಉಬ್ದಂಗಿತ್ತು. ನೀರು ಸಾಲ್ದೇನೋ ಅಂತ ಇನ್ನೊಂದು ರೌಂಡ್ ಹೊಡ್ದೆ."

"ಅಪ್ಪಾ, ಅದು ಪ್ಲೈವುಡ್ಡು!"

ಅಪ್ಪ ಗೋಡೆ ತಟ್ಟಿ ನೋಡಿದರು. ಡಬ ಡಬ ಅನ್ನಲಿಲ್ಲ. ಪಚಕ್ ಅಂತು.

ನಾನು ಸುಮ್ಮನಿರಲಿಲ್ಲ. ಬಾಯಿಗೆ ಬಂದಂತೆ ಕೂಗಾಡಿದೆ. ನಿಮ್ಮನ್ನ ಯಾರು ಕೇಳಿದ್ದು ಅಂದೆ. ಅಪ್ಪ ಹೋಗಿ ನಲ್ಲಿ ನಿಲ್ಲಿಸಿದರು. ಪೈಪನ್ನು ನೀಟಾಗಿ ಸುತ್ತಿಟ್ಟರು. ಕಾಫಿ ಬೇಡ ಅಂದರು. ಅಪ್ಪ ಕಾಫಿ ಬೇಡ ಅಂದಿದ್ದನ್ನ ನಾನು ಹುಟ್ಟಿದಾರಭ್ಯ ಕೇಳಿರಲಿಲ್ಲ. ಆದರೂ ನನ್ನ ಸಿಟ್ಟು ಇಳಿಯಲಿಲ್ಲ.

ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇದ್ದೇ ಇರ್ತಾರೆ. ಅನ್ನ ಆಗಿದ್ದರೂ ಇನ್ನೊಂದು ಸೀಟಿ ಬರಲಿ ಅನ್ನೋರು. ನೀವು ಗೇಟಿಗೆ ಬೀಗ ಹಾಕಿ ಬಂದಮೇಲೆ ಹೋಗಿ ಎಳೆದು ನೋಡೋರು. ಅವರ ಜೊತೆ ಜಗಳ ಆಡಿ ಗೆದ್ದೋರು ಯಾರಾದರೂ ಇದ್ದೀರಾ?

ಮಾರನೇ ದಿನ ಎದ್ದು ನೋಡಿದರೆ ಅಪ್ಪ ಆಗಲೇ ಒಳಗೆ ಸೇರಿಕೊಂಡಿದ್ದಾರೆ. ಸ್ಟೂಲ್ ಹತ್ತಿ, ಉಬ್ಬಿದ ಪ್ಲೈವುಡ್ಡಿನ ಸ್ಕ್ರೂ ಒಂದೊಂದಾಗಿ ಬಿಚ್ಚುತ್ತಿದ್ದಾರೆ. ನಾನೂ ಇನ್ನೊಂದು ಕಡೆಯಿಂದ ಬಿಚ್ಚೋಕೆ ಶುರುಮಾಡಿದೆ. ಮಾತು ನಿಂತಿತ್ತೇ ಹೊರತು ಕೆಲಸ ಜೋರಾಗಿ ಸಾಗಿತ್ತು.

ಅಷ್ಟರಲ್ಲಿ ಅಪ್ಪನ ಫೋನ್ ಬಡಿದುಕೊಂಡಿತು. ಬೆಳ್ಳಾವಿಯಿಂದ ಚಿಕ್ಕಪ್ಪ. ಎರಡೂ ಕೈಯಲ್ಲಿ ಕೆಲಸ ಇತ್ತಲ್ಲ, ಸ್ಪೀಕರ್‌ಗೆ ಹಾಕಿದರು.

"ಏನಣ್ಣ, ಮಗಳ ಲಾರಿಗೆ ನೀರು ಹೊಡ್ದು ಹಾಳ್ ಮಾಡ್ದಂತೆ?" ಚಿಕ್ಕಪ್ಪನ ನಗು ತಡೆಯೋರಿಲ್ಲ. (ಸುದ್ದಿ ಮುಟ್ಟಿಸಿದ್ದು ಸುರೇಶ. ಅವನಿಗೆ ಆಮೇಲೆ ಇದೆ.)

ಅಪ್ಪ ಸ್ಟೂಲಿನ ಮೇಲಿಂದಲೇ ಫೋನಿನ ಕಡೆ ತಿರುಗಿ, ಕ್ಲಾಸಿನಲ್ಲಿ ಗದರುತ್ತಿದ್ದ ಅದೇ ದನಿಯಲ್ಲಿ ಗದರಿದರು:

"ತಲೆ ನೆಟ್ಟಗಿದ್ಯೇನ್ಲಾ ನಿಂಗೆ? ಲಾರಿಗೆ ಯಾವನಾದ್ರೂ ಕ್ಯೂರಿಂಗ್ ಮಾಡ್ತಾನಾ?"