ಪ್ರಾರ್ಥನೆಯಲ್ಲಿ ಬಾರದ ಹೆಸರು

ನನ್ನ ಅಪ್ಪ ಧಾರವಾಡದ ಕಡೆಯಿಂದ ಮುಂಬಯಿಗೆ ಬಂದ ಕ್ರೈಸ್ತ ಉಪದೇಶಿ. ಘಾಟ್ಕೋಪರ್‌ನ ಚಾಳಿನಲ್ಲಿ ನಮ್ಮದೊಂದು ಖೋಲಿ, ಒಂದೇ ಕೋಣೆಯ ಮನೆ. ಭಾನುವಾರಗಳಂದು ಶಾಲೆಯೊಂದರ ಕೋಣೆಯಲ್ಲಿ ಕೂಡುವ ಪುಟ್ಟ ಕನ್ನಡ ಸಭೆಗೆ ಅವರದೇ ಪ್ರಸಂಗ. ಬೈಬಲ್ಲಿನ ಯಾವ ವಚನ ಓದಿದರೂ ಕೊನೆಗೆ ಅವರು ಬಂದು ನಿಲ್ಲುತ್ತಿದ್ದ ಜಾಗ ಒಂದೇ: ಮನುಷ್ಯ ತನ್ನ ಕ್ರಿಯೆಗಳಿಂದ ನೀತಿವಂತನಾಗುವುದಿಲ್ಲ, ನಂಬಿಕೆಯಿಂದ ಮಾತ್ರ ಆಗುತ್ತಾನೆ. ಸಭೆಯಲ್ಲಿ ಈ ಮಾತು ಚೆನ್ನಾಗಿಯೇ ಇತ್ತು. ಅಪ್ಪ ಅದನ್ನು ಊಟದ ತಾಟಿನವರೆಗೂ ತಂದರು.

ಐವತ್ತರ ದಶಕದ ಆ ವರ್ಷಗಳಲ್ಲಿ ಸಭೆಯವರು ಕೊಡುತ್ತಿದ್ದುದು ಖೋಲಿಯ ಬಾಡಿಗೆಗೇ ಸಾಲುತ್ತಿರಲಿಲ್ಲ. ಮನೆ ನಡೆಯುತ್ತಿದ್ದುದು ಟೆಲಿಫೋನ್ ಎಕ್ಸ್‌ಚೇಂಜಿನ ನನ್ನ ನೌಕರಿಯಿಂದ. ದಿನವಿಡೀ ಊರಿನವರನ್ನೆಲ್ಲ ಫೋನಿನಲ್ಲಿ ಒಬ್ಬರಿಗೊಬ್ಬರನ್ನು ಜೋಡಿಸಿ, ಲೋಕಲ್ ರೈಲಿನಲ್ಲಿ ನಿಂತು ಬಂದು, ಮತ್ತೆ ರೇಷನ್ ಅಂಗಡಿಯ ಸರದಿಯಲ್ಲಿ ನಿಂತು ಜೋಳ ತರುತ್ತಿದ್ದೆ. ಅವ್ವನಿಗೆ ಮೊಣಕಾಲು ನೋವು, ಹಾಗಾಗಿ ರೊಟ್ಟಿ ಬಡಿಯುವವಳೂ ನಾನೇ. ನನ್ನ ತಮ್ಮ, ಮೀಸೆ ಬಂದ ಗಂಡಸು, ಚಾಳಿನ ಅಂಗಳದಲ್ಲಿ ಕೇರಂ ಆಡಿಕೊಂಡಿದ್ದು ಊಟದ ಹೊತ್ತಿಗೆ ಸರಿಯಾಗಿ ಬರುತ್ತಿದ್ದ.

ಎಲ್ಲರೂ ಕೂತ ಮೇಲೆ ಅಪ್ಪ ಕಣ್ಣು ಮುಚ್ಚುತ್ತಿದ್ದರು. ನಮ್ಮ ಯಾವ ಯೋಗ್ಯತೆಯೂ ಇಲ್ಲದೆ ನೀನು ಕೊಟ್ಟ ಈ ಅನ್ನಕ್ಕಾಗಿ ಸ್ತೋತ್ರ, ಎನ್ನುತ್ತಿದ್ದರು. ಆಮೇಲೆ ತಮ್ಮನಿಗೆ ನಂಬಿಕೆ ಹುಟ್ಟಲೆಂದು, ಅವ್ವನ ಮೊಣಕಾಲು ವಾಸಿಯಾಗಲೆಂದು ಬೇಡುತ್ತಿದ್ದರು. ಮಳೆಗಾಲದಲ್ಲಿ ರೈಲು ಓಡಿಸುವವರಿಗಾಗಿ ಕೂಡ ಪ್ರಾರ್ಥನೆಯಿತ್ತು. ಆ ರೈಲಿನಲ್ಲಿ ನಾನಿರುತ್ತಿದ್ದೆ. ಹಿಟ್ಟು ಮೆತ್ತಿದ ಕೈ ಜೋಡಿಸಿಕೊಂಡು ದಿನವೂ ಕಾಯುತ್ತಿದ್ದೆ, ನನ್ನ ಹೆಸರು ಬರುತ್ತಿರಲಿಲ್ಲ. ಪಕ್ಕದ ಖೋಲಿಯ ಸವದತ್ತಿ ಮುದುಕಿ, "ಯಾರದೋ ದುಡ್ಡು, ಯಲ್ಲಮ್ಮನ ಜಾತ್ರಿ" ಎಂದು ನಗುತ್ತಿದ್ದಳು. ನಮ್ಮ ಮನೆಯಲ್ಲಿ ಯಲ್ಲಮ್ಮನ ಹೆಸರೆತ್ತುವಂತಿರಲಿಲ್ಲ, ಆದರೆ ಗಾದೆ ನಮ್ಮ ಅಳತೆಗೇ ಹೊಲಿದ ಹಾಗಿತ್ತು.

ಒಮ್ಮೆ ಕೇಳಿಯೇಬಿಟ್ಟೆ. "ಅಪ್ಪಾ, ಜ್ವಾಳಾ ತಂದಾಕಿ ನಾನು. ಒಂದು ದಿನಾರ ನನ್ನ ಹೆಸರೂ ಹೇಳ್ರಿ."

ಅಪ್ಪ ಸಿಟ್ಟಾಗಲಿಲ್ಲ, ನಕ್ಕರು. "ನಾ ಮಾಡೀನಿ ಅಂತ ಎಣಸಾಕ ಕುಂತರ ಸೊಕ್ಕು ಬರ್ತದವಾ. ನಮ್ಮ ದುಡಿಮಿಯಿಂದ ಏನಾಗ್ತದ? ಕೊಡಾಂವ ಅಂವ."

ಬೈದಿದ್ದರೆ ಮರೆಯುತ್ತಿದ್ದೆ. ಆ ನಗು ಇವತ್ತಿಗೂ ಹೊಟ್ಟೆ ಉರಿಸುತ್ತದೆ.

ಅದೇ ವರ್ಷ ಧಾರವಾಡದಿಂದ ಒಬ್ಬರು ತರುಣ ಮಾಸ್ತರರು ರಜೆಗೆಂದು ಸೋದರತ್ತೆಯ ಮನೆಗೆ ಬಂದಿದ್ದರು. ನಮ್ಮ ಸಭೆಗೂ ಬಂದರು. ಆರಾಧನೆ ಮುಗಿದ ಮೇಲೆ ಚಹಾ ಕುಡಿದ ಕಪ್ಪನ್ನು ತಾವೇ ತೊಳೆದಿಟ್ಟು, ನನ್ನ ಕಡೆ ನೋಡಿ, "ನಿಮಗ ದಣಿವಾಗಂಗಿಲ್ಲೇನ್ರಿ?" ಎಂದರು. ಹಾಗೆ ಕೇಳಿದವರು ಅವರೇ ಮೊದಲಿಗರು. ಅಷ್ಟಕ್ಕೇ ನನ್ನ ಮನಸ್ಸು ಹೋಯಿತು ಎಂದರೆ ನಗಬೇಡಿ. ಮುಂದಿನ ಭಾನುವಾರ ಆ ಸೋದರತ್ತೆಯನ್ನು ಕರೆದುಕೊಂಡು ನನ್ನನ್ನು ಮದುವೆಗೆ ಕೇಳಲು ಮನೆಗೇ ಬಂದರು.

ನಮ್ಮ ಖೋಲಿಯನ್ನು ಎರಡು ಮಾಡಿದ್ದು ಅವ್ವನ ಹಳೇ ಸೀರೆ. ಅದರ ಹಿಂದೆ ನಾನು ಚಹಾ ಕುದಿಸುತ್ತಿದ್ದೆ. ಅಪ್ಪನ ದನಿ ಸ್ಪಷ್ಟವಾಗಿ ಕೇಳಿತು.

"ಹುಡುಗ ಭಾಳ ಚಲೋ, ಇಲ್ಲನ್ನಂಗಿಲ್ಲ. ಆದ್ರ ಈ ಮನೀ ಪೂರಾ ಆಕಿ ಮ್ಯಾಲೆ ನಿಂತದ ನೋಡ್ರಿ. ಆಕಿ ದುಡೀಲಿಲ್ಲಂದ್ರ ನಮ್ಮ ಒಲಿ ಹತ್ತೂದಿಲ್ಲ. ಆಕೀನ್ನ ಹ್ಯಾಂಗ ಬಿಟ್ಟುಕೊಡ್ಲಿ?"

ಇಷ್ಟು ವರ್ಷ ನಾನು ಕಾದಿದ್ದ ಮಾತು ಅದೇ. ಅಪ್ಪ ಎಲ್ಲವನ್ನೂ ಕಂಡಿದ್ದರು, ಲೆಕ್ಕಕ್ಕೂ ಹಿಡಿದಿದ್ದರು. ದೇವರಿಗೆ ಹೇಳದ್ದನ್ನು, ನನಗೆ ಹೇಳದ್ದನ್ನು, ನನ್ನನ್ನು ಕೇಳಲು ಬಂದವರಿಗೆ ಹೇಳಿ ಬಾಗಿಲು ಹಾಕಿದರು. ಚಹಾ ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಬಂದವರು ಚಹಾ ಕುಡಿಯದೆಯೇ ಎದ್ದರು.

ಸಂಜೆ ಎಂದಿನಂತೆ ಕೂತೆವು. ಎಂದಿನಂತೆ ಅಪ್ಪ ಕಣ್ಣು ಮುಚ್ಚಿದರು. ನಮ್ಮ ದುಡಿಮೆಯಿಂದಲ್ಲ ತಂದೆಯೇ, ನಿನ್ನ ಕೃಪೆಯಿಂದ, ಎಂದು ಮುಗಿಸಿದರು. ಎಲ್ಲರೂ ಆಮೆನ್ ಎಂದರು. ನಾನು ಅನ್ನಲಿಲ್ಲ.

"ಅಪ್ಪಾ, ನಂಬಿಗಿ ಒಂದಿದ್ರ ಸಾಕಂತೀರಿ. ನನ್ನ ಕಳಿಸಿಕೊಟ್ಟು ನಂಬಿ ನೋಡಬೇಕಿತ್ತು."

ಅಪ್ಪ ಮುರಿದ ರೊಟ್ಟಿ ಕೈಯಲ್ಲೇ ನಿಂತಿತು. ತಮ್ಮ ತಲೆ ಬಗ್ಗಿಸಿದ. ಅವ್ವ ಸೆರಗು ಬಾಯಿಗಿಟ್ಟುಕೊಂಡಳು.

"ಇನ್ನೊಂದು ರೊಟ್ಟಿ ಹಾಕವಾ," ಎಂದರು ಅಪ್ಪ.

ಹಾಕಿದೆ.